ಸೀಸನ್ ಊಟದಲ್ಲಿ ಬೆಳ್ಯಪ್ಪಣ್ಣನ ಎಲೆ

ಕ್ಯಾಂಟೀನ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಇನ್ನೂರು ಜನಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು ಎಂದು ಯಾರಾದರೂ ಹೇಳಿಕೊಡುತ್ತಾರೆ. ಯಾರ ಎಲೆಗೆ ಏನು ಬೀಳಬಾರದು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಅದನ್ನು ತಪ್ಪು ಮಾಡಿ ಕಲಿತೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ತಿಂಗಳು ಮನೆಗೆ ಬಂದು, "ಅಕ್ಕ, ಪಥ್ಯದವರ ವಿಷ್ಯ ಸ್ವಲ್ಪ ಹೇಳ್ಕೊಡಿ" ಎಂದಳು. ಎರಡು ಸಲ ಕಾಫಿ ಮಾಡಿಕೊಂಡು ಕುಡಿಯುವಷ್ಟು ಹೊತ್ತು ಹೇಳಿದರೂ ಮುಗಿಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ದುಡಿದದ್ದು ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ತೋಟಗಳಿಂದ ಬಂದ ಕಾಫಿಯನ್ನು ಯಾರ್ಡ್‌ನಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಬೀಜ ಆರಿಸಿ, ಮೂಟೆ ಕಟ್ಟಿ ಲಾರಿಗೆ ಹಾಕುವ ಜಾಗ ಅದು. ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ನಾನು ಕ್ಯಾಂಟೀನಿಗೆ ಸೇರಿದಾಗ ತರಕಾರಿ ಹೆಚ್ಚುವವಳು, ಬಿಟ್ಟಾಗ ಮೇಲ್ವಿಚಾರಕಿ. ನಡುವೆ ಹೇಗೆ ಮೇಲೆ ಬಂದೆ ಎನ್ನುವುದು ನಿಮ್ಮ ಉಪಯೋಗಕ್ಕೆ ಬರುವ ವಿಷಯವಲ್ಲ.

ದಿನದ ಊಟ ದೊಡ್ಡ ತಲೆನೋವಲ್ಲ. ತಲೆನೋವು ಬರುವುದು ವಿಶೇಷದ ಊಟಗಳಲ್ಲಿ. ಕೊಡವರು ಕೋವಿ ಪೂಜಿಸುವ ಕೈಲ್ ಮುಹೂರ್ತ, ಆಯುಧಪೂಜೆ, ಸುಗ್ಗಿಯ ಹುತ್ತರಿ, ಆಮೇಲೆ ಮಳೆ ಹಿಡಿಯುವ ಮೊದಲು ಕೊನೆಯ ಲಾರಿ ಹೊರಟ ಮೇಲಿನ ಸೀಸನ್ ಊಟ. ಆ ದಿನ ಎಲ್ಲರಿಗೂ ಧಾರಾಳ ಬಂದುಬಿಡುತ್ತದೆ. ನಮ್ಮ ಕಡೆ ಬಡಿಸುವವರು 'ಸಾಕು' ಎಂಬ ಮಾತನ್ನು ನಂಬುವುದಿಲ್ಲ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಾದರೂ ಒಂದು ತುಂಡು ಜಾರಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದೇ ಕಷ್ಟ.

ನಾನು ಮೇಲ್ವಿಚಾರಕಿಯಾದ ಮೇಲಿನ ಮೊದಲ ಆಯುಧಪೂಜೆಗೆ ಬಹಳ ಬುದ್ಧಿ ಓಡಿಸಿದೆ. ಸಕ್ಕರೆ ಕಾಯಿಲೆಯವರು ಪಾಯಸದ ಹೊತ್ತಿಗೆ ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗುವುದನ್ನು ನೋಡಿದ್ದೆ. ಅವರಿಗೆಂದೇ ಬೇರೆ ಪಾತ್ರೆಯಲ್ಲಿ ಪಾಯಸ ಮಾಡಿಸಿ, ರಟ್ಟಿನ ಮೇಲೆ 'ಸಕ್ಕರೆ ಇಲ್ಲದ ಪಾಯಸ' ಎಂದು ಬರೆಸಿ ಇಟ್ಟೆ. ಎಲ್ಲರೂ ಎರಡೆರಡು ಲೋಟ ಕುಡಿದು ನನ್ನನ್ನು ಹರಸಿದರು. ವಾರಕ್ಕೊಮ್ಮೆ ಬರುತ್ತಿದ್ದ ಕಂಪನಿ ಡಾಕ್ಟರೂ ಅವತ್ತು ಊಟಕ್ಕೆ ಬಂದಿದ್ದರು. ಒಂದು ಚಮಚ ಬಾಯಿಗಿಟ್ಟವರು ನನ್ನನ್ನು ಕರೆದರು.

"ಇದಕ್ಕೆ ಏನಮ್ಮ ಹಾಕಿದ್ದೀರಿ?"

"ಬೆಲ್ಲ ಸಾರ್. ಸಕ್ಕರೆ ಒಂದ್ ಚೂರೂ ಮುಟ್ಸಿಲ್ಲ" ಎಂದೆ, ಬಹುಮಾನ ಕೊಡುತ್ತಾರೇನೋ ಎನ್ನುವ ಹಾಗೆ ನಿಂತು.

ಡಾಕ್ಟರು ಲೋಟ ಕೆಳಗಿಟ್ಟು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಆಮೇಲೆ ಪಾತ್ರೆಯನ್ನು ಅವರೇ ಎತ್ತಿ ಒಳಗೆ ಇಟ್ಟು ಬಂದರು. ಬೆಲ್ಲವೂ ಸಕ್ಕರೆಯ ತಮ್ಮನೇ ಎಂದು ಅವತ್ತು ಅವರು ಕೂರಿಸಿಕೊಂಡು ಹೇಳಿದರು. ಈಗ ಎಲ್ಲರಿಗೂ ಗೊತ್ತು ಎಂದು ನಗಬೇಡಿ, ಈಗಲೂ ನನ್ನ ಮನೆಗೆ ಬರುವವರಲ್ಲಿ ಅರ್ಧ ಜನ 'ಬೆಲ್ಲದ ಕಾಫಿ ಆದ್ರೆ ನಡೀತದೆ' ಎನ್ನುತ್ತಾರೆ.

ಮುಂದಿನ ವರ್ಷ ಪಥ್ಯದವರಿಗೆ ಬೇರೆ ಮೇಜನ್ನೇ ಹಾಕಿಸಿದೆ. ಒಬ್ಬರೂ ಅತ್ತ ಸುಳಿಯಲಿಲ್ಲ. ನಮ್ಮ ಮ್ಯಾನೇಜರ್ ಪೂವಯ್ಯ ಸಾರ್ ಒಳ್ಳೆಯವರು. ಆದರೆ ಅವರಿಗೆ ಮೈಕ್ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಮೇಜು ಖಾಲಿ ಇರುವುದನ್ನು ನೋಡಿ ಮೈಕ್ ಹಿಡಿದರು. "ಶುಗರ್ ಇರೋರು, ಬಿಪಿ ಇರೋರು ದಯವಿಟ್ಟು ಎಡಗಡೆ ಬನ್ನಿ. ನಾಚ್ಕೆ ಬೇಡ" ಎಂದರು. ಅಷ್ಟು ಸಾಲದು ಎಂದು ಹೆಸರು ಹಿಡಿದು ಕೂಗತೊಡಗಿದರು. ಸ್ಟೋರ್ ರಾಮಣ್ಣನ ಮಗಳಿಗೆ ಆಗ ಸಂಬಂಧ ನೋಡುತ್ತಿದ್ದರು. ತಮ್ಮ ಹೆಸರು ಕೇಳಿದ್ದೇ ರಾಮಣ್ಣ ಅರ್ಧ ಊಟದಲ್ಲಿ ಎದ್ದು ಸೈಕಲ್ ಹತ್ತಿ ಹೋದರು. ಆ ದಿನದಿಂದ ನಾನು ಮೇಜನ್ನೂ ರಟ್ಟನ್ನೂ ಒಲೆಗೆ ಹಾಕಿದ ಹಾಗೆ ಮರೆತೆ. ಯಾರ ಕಾಯಿಲೆ ಯಾವುದು ಎನ್ನುವುದು ಬಡಿಸುವವರಿಗೆ ಗೊತ್ತಿರಬೇಕು, ಪಕ್ಕದ ಎಲೆಯವರಿಗೆ ಗೊತ್ತಾಗಬಾರದು.

ಇಷ್ಟೆಲ್ಲ ಕಲಿತಿದ್ದೇನೆ ಎನ್ನುವ ಜಂಬ ಬಂದ ಮೇಲೆಯೇ ಬೆಳ್ಯಪ್ಪಣ್ಣನ ವಿಷಯದಲ್ಲಿ ಎಡವಿದ್ದು.

ಬೆಳ್ಯಪ್ಪಣ್ಣ ನಮ್ಮ ಯಾರ್ಡ್ ಸೂಪರ್‌ವೈಸರ್. ನೆಲ್ಯಹುದಿಕೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕಾಫಿ ಸಾಕಷ್ಟು ಒಣಗಿದೆಯೇ ಎಂದು ನೋಡಲು ಮೆಷಿನ್ ಬಂದಿದ್ದರೂ ಅವರು ಒಂದು ಬೀಜ ಹಲ್ಲಿನಲ್ಲಿ ಕಚ್ಚಿ, "ಇನ್ನೊಂದು ಬಿಸಿಲು ಬೇಕು" ಎಂದರೆ ಮುಗಿಯಿತು, ಯಾರೂ ಮೆಷಿನ್ ಕಡೆ ತಿರುಗುತ್ತಿರಲಿಲ್ಲ. ಊಟದ ವಿಷಯದಲ್ಲಿ ಅವರಷ್ಟು ಖುಷಿ ಕೊಡುವ ಮನುಷ್ಯ ಇನ್ನೊಬ್ಬರಿರಲಿಲ್ಲ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಮತ್ತು ಹಂದಿ ಸಾರು ಇದ್ದ ದಿನ ಅವರ ಎದುರು ನಿಂತು ಬಡಿಸಬೇಕು, ಆಗ ಅಡುಗೆಯವರಿಗೆ ಹೊಟ್ಟೆ ತುಂಬುತ್ತದೆ.

ಅವರಿಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ದಿನ ಮಡಿಕೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು, ಉಳಿದ ದಿನ ಕೆಲಸ. ಉಪ್ಪು ಕೂಡದು. ನೀರು ದಿನಕ್ಕೆ ಅಳತೆ, ಅದರಲ್ಲೇ ಕಾಫಿ, ಸಾರು, ಮಜ್ಜಿಗೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಬಾಳೆಹಣ್ಣು, ಕಿತ್ತಳೆ, ಎಳನೀರು, ಟೊಮೆಟೊ, ಆಲೂಗೆಡ್ಡೆ ಮುಟ್ಟುವ ಹಾಗಿಲ್ಲ. ಜನರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಕಾಯಿಲೆಯವರಿಗೆ ಹಣ್ಣು, ಎಳನೀರು ಕೊಟ್ಟರೆ ಒಳ್ಳೆಯದು ಎಂದು ಹುಟ್ಟಿದಾಗಿನಿಂದ ಕೇಳಿದವರು ನಾವು. ಅವರು ಸುಸ್ತಾಗಿ ಕೂತದ್ದು ಕಂಡರೆ ಸಾಕು, ಯಾರಾದರೂ ಎಳನೀರು ಕೆತ್ತಿಸಿಕೊಂಡು ಓಡಿ ಬರುತ್ತಿದ್ದರು. ಕೈಲ್ ಮುಹೂರ್ತದ ಊಟದಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತು, "ಒಂದು ತುಂಡು ತಿಂದ್ರೆ ಎಂತ ಆಗ್ತದೆ ಮಾರಾಯ್ರೆ" ಎಂದು ಒತ್ತಾಯ ಮಾಡುವವರೇ. ಅವರಿಗೂ ಆಸೆ. ಬೇಡ ಎನ್ನುವುದು ಅವರ ಸ್ವಭಾವದಲ್ಲೇ ಇರಲಿಲ್ಲ.

ಆಗ ನಾನೇ ಅವರ ಎಲೆಗೆ ಕಾವಲು ನಿಂತೆ. ಸಣ್ಣ ಮುಚ್ಚಳದ ಪಾತ್ರೆಯಲ್ಲಿ ಅವರ ಪಾಲನ್ನು ಬೇರೆ ಮಾಡಿ ತಂದು, ಎಲ್ಲರ ಜೊತೆ ಸಾಲಿನಲ್ಲೇ ಬಡಿಸುತ್ತಿದ್ದೆ. ದೂರದಿಂದ ನೋಡಿದರೆ ಎಲ್ಲರ ಎಲೆಯ ಹಾಗೇ ಕಾಣಬೇಕು, ಅಷ್ಟು ಜಾಗ್ರತೆ. ದಿನದ ಮಧ್ಯಾಹ್ನದ ಊಟವನ್ನೂ ಹಾಗೇ ಮಾಡಿ ಕೊಡತೊಡಗಿದೆ. ಅವರ ಹೆಂಡತಿ ಮುತ್ತಮ್ಮ ಒಂದು ಸಲ ಫೋನ್ ಮಾಡಿ, "ನೀವು ಇದ್ದೀರಿ ಅಂತ ನನಗೆ ಧೈರ್ಯ" ಎಂದಿದ್ದರು. ಆದರೆ ಬೆಳ್ಯಪ್ಪಣ್ಣ ನಾಲ್ಕು ತುತ್ತು ಉಂಡು ಕೈ ತೊಳೆಯುತ್ತಿದ್ದರು. "ಸಪ್ಪೆ ಜಯಕ್ಕ. ನಿಮ್ಮ ತಪ್ಪಲ್ಲ. ಸಪ್ಪೆ" ಎನ್ನುತ್ತಿದ್ದರು. ಅವರು ದಿನದಿನಕ್ಕೆ ಇಳಿದು ಹೋಗುವುದು ನನಗೆ ಕಾಣುತ್ತಿತ್ತು.

ಆ ವರ್ಷ ಹುತ್ತರಿಗೆ ಸ್ವಲ್ಪ ಮೊದಲು ನಾನು ಮೈಸೂರಿಗೆ ಹೋಗಿದ್ದೆ. ಒಂದು ದೊಡ್ಡ ಅಂಗಡಿಯಲ್ಲಿ ಬೇರೆ ಥರದ ಉಪ್ಪು ಕಂಡಿತು. ಪೊಟ್ಟಣದ ಮೇಲೆ ಸೋಡಿಯಂ ಕಡಿಮೆ, ಆರೋಗ್ಯಕ್ಕೆ ಒಳ್ಳೆಯದು ಎಂದು ದಪ್ಪ ಅಕ್ಷರದಲ್ಲಿತ್ತು. ಉಪ್ಪಿನಲ್ಲಿ ಡಾಕ್ಟರು ಬೇಡ ಎಂದದ್ದು ಸೋಡಿಯಂ ತಾನೇ ಎಂದು ಎರಡು ಪೊಟ್ಟಣ ತಂದೆ. ಯಾರನ್ನೂ ಕೇಳಲಿಲ್ಲ. ಕೇಳುವುದೇನು, ನನಗೆ ಗೊತ್ತಲ್ಲ ಎನ್ನುವ ಧೈರ್ಯ. ಮುತ್ತಮ್ಮನಿಗೆ ಆಮೇಲೆ ಹೇಳಿ ಆಶ್ಚರ್ಯಪಡಿಸೋಣ ಎಂದುಕೊಂಡೆ.

ಹುತ್ತರಿ ಊಟದಲ್ಲಿ ಎಲ್ಲರಿಗೂ ಬಾಳೆಹಣ್ಣಿನ ತಂಬಿಟ್ಟು. ಬೆಳ್ಯಪ್ಪಣ್ಣನಿಗೆ ಅದು ಇಲ್ಲ, ಬದಲಿಗೆ ಆ ಉಪ್ಪು ಹಾಕಿದ ಬೀನ್ಸ್ ಪಲ್ಯ, ಸಣ್ಣ ಬಟ್ಟಲಲ್ಲಿ ಕೋಳಿ ಸಾರು. ಮೊದಲ ತುತ್ತಿಗೇ ತಲೆ ಎತ್ತಿ ನನ್ನನ್ನು ನೋಡಿದರು.

"ಎಂತ ಮಾಡಿದ್ರಿ ಜಯಕ್ಕ ಇವತ್ತು?"

"ನಿಮಗೆ ಆಗೋ ಉಪ್ಪೇ ಅಣ್ಣ. ಹೆದ್ರಬೇಡಿ, ಉಣ್ಣಿ."

ಎರಡನೇ ಸಲ ಅನ್ನ ಹಾಕಿಸಿಕೊಂಡರು. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ನನಗಾದ ಸಂತೋಷ ಹೇಳತೀರದು. ಮಾರನೆಯ ದಿನದಿಂದ ಅವರ ಮಧ್ಯಾಹ್ನದ ಊಟಕ್ಕೆಲ್ಲ ಅದೇ ಉಪ್ಪು. ಚೆನ್ನಾಗಿ ಉಣ್ಣುತ್ತಿದ್ದಾರೆ ಎಂದು ಧಾರಾಳವಾಗಿಯೇ ಹಾಕಿದೆ.

ವಾರ ಕಳೆದಿರಬೇಕು. ಬೆಳಿಗ್ಗೆ ಯಾರ್ಡ್‌ನಲ್ಲಿ ಕಾಫಿ ಹರಡಿಸುತ್ತಿದ್ದ ಬೆಳ್ಯಪ್ಪಣ್ಣ ಕಾಲಿಗೆ ಬಲ ಇಲ್ಲ ಎಂದು ಕೂತರು. ಏಳಲು ಹೋಗಿ ಬಿದ್ದರು. ಪೂವಯ್ಯ ಸಾರ್ ತಾವೇ ಜೀಪ್ ಓಡಿಸಿಕೊಂಡು ಮಡಿಕೇರಿಗೆ ಕರೆದುಕೊಂಡು ಹೋದರು. ಸಂಜೆ ಸುದ್ದಿ ಬಂತು. ಹಣ್ಣು, ಎಳನೀರಿನಲ್ಲಿ ಇರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿದೆಯಂತೆ, ಎದೆಬಡಿತ ತಪ್ಪುತ್ತಿದೆಯಂತೆ, ತುರ್ತಾಗಿ ಡಯಾಲಿಸಿಸ್ ಮಾಡುತ್ತಿದ್ದಾರಂತೆ. ಹಣ್ಣು ತಿಂದರಾ, ಎಳನೀರು ಕುಡಿದರಾ ಎಂದು ಡಾಕ್ಟರು ಕೇಳಿದ್ದಕ್ಕೆ ಮುತ್ತಮ್ಮ ದೇವರ ಮೇಲೆ ಆಣೆ ಇಟ್ಟು ಇಲ್ಲ ಎಂದರಂತೆ. ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಾಗಿರಲಿಲ್ಲ.

ಮರುದಿನ ನಮ್ಮ ಅಡುಗೆಯ ಮಲಯಾಳಿ ಹುಡುಗ ಕಣ್ಣನ್ ಡಬ್ಬಿಗಳನ್ನು ಒರೆಸುತ್ತಾ ಆ ಉಪ್ಪಿನ ಪೊಟ್ಟಣ ಎತ್ತಿಕೊಂಡು, "ಚೇಚಿ, ಇದು ಎಲ್ಲಿ ಇಡೋದು? ಬೆಳ್ಯಪ್ಪಣ್ಣ ಇಲ್ಲಲ್ಲ" ಎಂದ. ನಾನು ಅದನ್ನು ತೆಗೆದುಕೊಂಡು ಮೊದಲ ಸಲ ಹಿಂದೆ ತಿರುಗಿಸಿದೆ. ಕನ್ನಡಕ ಹಾಕಿಕೊಂಡು ಓದಿದೆ. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂದಿತ್ತು. ಅದರ ಕೆಳಗೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಬಳಸಬಾರದು ಎಂದಿತ್ತು. ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ. 

ಒಂದು ಕ್ಷಣ ಪೊಟ್ಟಣವನ್ನು ಒಲೆಗೆ ಹಾಕೋಣ ಎನ್ನಿಸಿದ್ದು ಸುಳ್ಳಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಆದರೆ ಕಾರಣ ಗೊತ್ತಾಗದಿದ್ದರೆ ಡಾಕ್ಟರು ಬೇರೆ ಏನೋ ಹುಡುಕುತ್ತಾರೆ, ಬೆಳ್ಯಪ್ಪಣ್ಣ ವಾಪಸ್ ಬಂದು ಮತ್ತೆ ನನ್ನ ಕೈ ಊಟವನ್ನೇ ಉಣ್ಣುತ್ತಾರೆ. ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡು ಪೂವಯ್ಯ ಸಾರ್ ಹತ್ತಿರ ಹೋದೆ. ಅವರು ಓದಿ ಬಾಗಿಲು ಮುಚ್ಚಿದರು. "ಜಯಮ್ಮ, ಮನುಷ್ಯ ಉಳ್ಕೊಂಡಿದ್ದಾನೆ. ಇದನ್ನ ಯಾರಿಗೂ ಹೇಳೋದು ಬೇಡ" ಎಂದರು. ನನ್ನನ್ನು ಕಾಪಾಡಲೆಂದೇ ಹಾಗೆಂದರು, ಗೊತ್ತು. ಅವರ ಮಾತನ್ನು ಮೀರಿದ್ದು ಅದೊಂದೇ ಸಲ. ಮಡಿಕೇರಿ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಮಂಚದ ಪಕ್ಕ ಮುತ್ತಮ್ಮ ಕೂತಿದ್ದರು. ರೋಗಿಗಳಿಗೆ ಪಥ್ಯ ಹೇಳಿಕೊಡುವ ಒಬ್ಬಳು ಹುಡುಗಿಯೂ ಕೈಯಲ್ಲಿ ಕಾಗದ ಹಿಡಿದು ಅಲ್ಲೇ ಇದ್ದಳು. ಪೊಟ್ಟಣವನ್ನು ಆ ಹುಡುಗಿಯ ಕೈಗೆ ಕೊಟ್ಟು, "ಇದನ್ನ ನಾನು ಹಾಕ್ದೆ. ಹುತ್ತರಿಯಿಂದ ದಿನಾ ಹಾಕ್ದೆ" ಎಂದೆ. ಅವಳು ಓದಿ, "ಇದೇ ಮೇಡಂ. ತಂದಿದ್ದು ಒಳ್ಳೇದಾಯ್ತು" ಎಂದು ಡಾಕ್ಟರ ಹತ್ತಿರ ಓಡಿದಳು.  

ಬೆಳ್ಯಪ್ಪಣ್ಣ ಮಲಗಿದ್ದಲ್ಲಿಂದಲೇ, "ಬಿಡಿ ಜಯಕ್ಕ. ಒಂದು ವಾರ ಮನುಷ್ಯರ ಹಾಗೆ ಉಂಡೆ" ಎಂದು ನಕ್ಕರು. ಮುತ್ತಮ್ಮ ನಗಲಿಲ್ಲ. "ಇನ್ನು ಮೇಲೆ ಊಟ ನಾನೇ ಕಟ್ಟಿ ಕಳಿಸ್ತೇನೆ. ನೀವು ಒಂದು ಲೋಟ ನೀರೂ ಕೊಡೋದು ಬೇಡ" ಎಂದರು. ನಾನು ತಲೆ ಆಡಿಸಿ ಬಂದೆ. ಬಸ್ಸಿನಲ್ಲಿ ಸುಂಟಿಕೊಪ್ಪದವರೆಗೂ ಅತ್ತೆ.

ಅಲ್ಲಿಂದ ಅವರ ಊಟ ಸ್ಟೀಲ್ ಕ್ಯಾರಿಯರ್‌ನಲ್ಲಿ ಬರತೊಡಗಿತು. ವಿಶೇಷದ ಊಟಗಳಲ್ಲೂ ಅಷ್ಟೇ. ನನ್ನ ಪಾತ್ರೆಯ ಕೆಲಸ ಮುಗಿದಿತ್ತು. ಆದರೆ ಕಲಿಯುವುದನ್ನು ಬಿಡಲಿಲ್ಲ. ಆಸ್ಪತ್ರೆಯ ಆ ಹುಡುಗಿಯ ಹತ್ತಿರ ರಜಾ ದಿನಗಳಲ್ಲಿ ಹೋಗಿ ಕೂತು ಕೇಳಿಕೊಂಡು ಬಂದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ, ನೀರು ಬಸಿದು, ಮತ್ತೆ ಹೊಸ ನೀರಲ್ಲಿ ಬೇಯಿಸಬೇಕು ಎಂದು ತಿಳಿದದ್ದು ಆಗಲೇ. ಕ್ಯಾಂಟೀನಿನಲ್ಲಿ ನಾಲ್ಕು ನಿಯಮ ತಂದೆ. ಪಥ್ಯದವರ ಮಾತನ್ನೂ ಅವರ ಅಕ್ಕಪಕ್ಕದವರ ಮಾತನ್ನೂ ನಂಬದೆ ಡಾಕ್ಟರ ಕಾಗದ ತರಿಸಿ ನೋಡುವುದು. ಉಪ್ಪು, ಹುಳಿ ಹಾಕುವ ಮೊದಲೇ ಅವರ ಪಾಲನ್ನು ತೆಗೆದಿಡುವುದು. ಹೊಸ ಪೊಟ್ಟಣ ಬಂದರೆ ಮುಂದಿನ ದಪ್ಪ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದುವುದು. ಒಬ್ಬರ ಪಥ್ಯವನ್ನು ಇನ್ನೊಬ್ಬರಿಗೆ ಕೊಡದಿರುವುದು, ಯಾಕೆಂದರೆ ಬಿಪಿಯವರಿಗೆ ನಡೆಯುವುದು ಕಿಡ್ನಿಯವರನ್ನು ಕೆಡವಬಹುದು. ಹೊಸದಾಗಿ ಯಾರು ಕೆಲಸಕ್ಕೆ ಬಂದರೂ ಆ ಉಪ್ಪಿನ ಕಥೆಯನ್ನು ನನ್ನ ಹೆಸರು ಹಿಡಿದೇ ಹೇಳುತ್ತಿದ್ದೆ.

ಒಂದು ದಿನ ಮುತ್ತಮ್ಮನ ಫೋನ್ ಬಂತು. ಆಸ್ಪತ್ರೆಯ ದಿನದ ನಂತರ ಅದೇ ಮೊದಲು. ನಮಸ್ಕಾರ ಇಲ್ಲ, ಏನಿಲ್ಲ. "ಬೀನ್ಸ್ ಎರಡು ಸಲ ಬೇಯಿಸಿದ್ರೆ ಸಾಕಾ, ಮೂರು ಸಲವಾ?" ಎಂದು ಕೇಳಿದರು. ಎರಡು ಸಾಕು, ಆದರೆ ನೀರು ಜಾಸ್ತಿ ಇರಬೇಕು ಎಂದೆ. "ಸರಿ" ಎಂದು ಇಟ್ಟರು. ತಿಂಗಳು ಬಿಟ್ಟು ಇನ್ನೊಂದು ಫೋನ್. ಸಪ್ಪೆ ಸಾರಿಗೆ ಎಂತ ಹಾಕೋದು ಎಂದು. ನಿಂಬೆಹುಳಿ, ಮೆಣಸಿನ ಪುಡಿ, ಬೆಳ್ಳುಳ್ಳಿ ಒಗ್ಗರಣೆ ಎಂದೆ. ಆಮೇಲೆ ಆಮೇಲೆ ಕೋಳಿ ಮೊಟ್ಟೆ ಇಟ್ಟದ್ದು, ಕಕ್ಕಬೆಯ ತವರಿನಲ್ಲಿ ಮಳೆ ಬಂದದ್ದು ಎಲ್ಲವೂ ಆ ಫೋನಿನಲ್ಲಿ ಬರತೊಡಗಿತು. ಆದರೆ ಕ್ಯಾರಿಯರ್ ಮಾತ್ರ ತಪ್ಪದೆ ಬರುತ್ತಿತ್ತು. ನಾನೂ ಆ ವಿಷಯ ಎತ್ತುತ್ತಿರಲಿಲ್ಲ. ಎತ್ತುವ ಮುಖ ನನಗೆಲ್ಲಿತ್ತು?

ಬೆಳ್ಯಪ್ಪಣ್ಣ ನಿವೃತ್ತರಾಗುವ ವರ್ಷದ ಸೀಸನ್ ಊಟ ಬಂತು. ಆ ಊಟಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಎಲ್ಲರ ಎಲೆಗೂ ಬಡಿಸಿದ ಮೇಲೆ ಸರ್ವೀಸಿನಲ್ಲಿ ಎಲ್ಲರಿಗಿಂತ ಹಿರಿಯರು ಮೊದಲ ತುತ್ತು ಎತ್ತಬೇಕು, ಆಮೇಲೆಯೇ ಮ್ಯಾನೇಜರೂ ಸೇರಿ ಉಳಿದವರು. ಕೆಲವು ವರ್ಷದಿಂದ ಆ ಹಿರಿಯರು ಬೆಳ್ಯಪ್ಪಣ್ಣನೇ. ಹಿಂದಿನ ಎರಡು ಸಲ ಅವರು ಕ್ಯಾರಿಯರ್ ಬಿಚ್ಚಿ, ಮನೆಯ ಅನ್ನವನ್ನೇ ಎಲೆಗೆ ಹಾಕಿಕೊಂಡು ಶುರು ಮಾಡಿದ್ದರು. ಈ ಸಲವೂ ಹಾಗೇ ಎಂದುಕೊಂಡು ನಾನು ಅವರಿಗೆಂದು ಏನನ್ನೂ ಮಾಡಿಸಿರಲಿಲ್ಲ.

ಎಲ್ಲರ ಎಲೆಗೂ ಬಡಿಸಿ ಆಗಿತ್ತು. ಅವರ ಎಲೆ ಮಾತ್ರ ಖಾಲಿ. ನೋಡಿದರೆ ಮೇಜಿನ ಮೇಲೆ ಕ್ಯಾರಿಯರ್ ಇಲ್ಲ.

"ಅಣ್ಣ, ಊಟ ಎಲ್ಲಿ? ಬಸ್ಸಲ್ಲಿ ಬಿಟ್ರಾ?"

"ತಂದಿಲ್ಲ ಜಯಕ್ಕ."

"ಮುತ್ತಮ್ಮ ಮರೆತ್ರಾ?"

"ಮರೆಯೋ ಆಸಾಮಿಯಾ ಅದು? ಇವತ್ತು ಜಯಕ್ಕನ ಕೈಯಿಂದ ಉಣ್ಣಿ ಅಂದಿದ್ದಾಳೆ. ಮೊದ್ಲೇ ಹೇಳಿದ್ರೆ ನೀವು ಹೆದರಿ ಬೇಡ ಅಂತೀರಿ, ಅದಕ್ಕೆ ಹೇಳ್ಬೇಡಿ ಅಂತಾನೂ ಅಂದಿದ್ದಾಳೆ."

 ಬಿಪಿಯವರಿಗೆ ತೆಗೆದಿಟ್ಟದ್ದು ಕಿಡ್ನಿಯವರಿಗೆ ಆಗದು, ಅಡುಗೆಮನೆಯಲ್ಲಿ ಉಳಿದದ್ದೆಲ್ಲ ಉಪ್ಪು ಬಿದ್ದದ್ದು, ಬರೀ ಅನ್ನ ಬಿಟ್ಟು. ಪೂವಯ್ಯ ಸಾರ್ ಹತ್ತಿರ ಹೋಗಿ, "ನೀವೆಲ್ಲ ಶುರು ಮಾಡಿ ಸಾರ್, ನನಗೆ ಮುಕ್ಕಾಲು ಗಂಟೆ ಬೇಕು" ಎಂದೆ. ಅವರು ಸಾಲಿನ ಕಡೆ ತಿರುಗಿದರು. ಬೀಜ ಆರಿಸುವ ಪಾರ್ವತಿ ಎಲೆ ಮುಂದೆ ಕೂತವಳು, "ಬೆಳ್ಯಪ್ಪಣ್ಣ ಕೈ ಹಾಕ್ದೆ ನಾವು ಹೆಂಗೆ ಹಾಕೋದು ಸಾರ್, ಕಾಯ್ತೀವಿ ಬಿಡಿ" ಎಂದಳು. ಪೂವಯ್ಯ ಸಾರ್ ತಮ್ಮ ಎಲೆ ಮುಂದೆ ಕೂತರು. ಮೈಕ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.

"ಚೇಚಿ, ಕ್ಯಾಬೇಜ್ ಉಂಟು, ಮೊಟ್ಟೆ ಉಂಟು" ಎಂದು ಕಣ್ಣನ್ ಆಗಲೇ ನೀರು ಇಟ್ಟಿದ್ದ. ಕ್ಯಾಬೇಜನ್ನು ನೂಲಿನ ಹಾಗೆ ಹೆಚ್ಚಿದೆ. ಬೇಯಿಸಿ ಬಸಿದೆ, ಮತ್ತೆ ಬೇಯಿಸಿ ಬಸಿದೆ. ಬೇಯಿಸಿದ ಮೊಟ್ಟೆಯ ಹಳದಿ ತೆಗೆದು ಬಿಳಿಯನ್ನು ಮಾತ್ರ ಹೆಚ್ಚಿ ಮೆಣಸಿನ ಪುಡಿ ಉದುರಿಸಿದೆ. ಒಗ್ಗರಣೆಗೆ ಸಾಸಿವೆ ಡಬ್ಬಿ ಎತ್ತಿಕೊಂಡರೂ ಅದರೊಳಗೆ ಸಾಸಿವೆಯೇ ಇದೆಯೇ ಎಂದು ಎರಡು ಸಲ ನೋಡಿದೆ.  ಹೊರಗೆ ಅಷ್ಟು ಜನರ ಎಲೆಯ ಮೇಲೆ ಸಾರು ಆರಿ ಕೊಬ್ಬು ಕಟ್ಟುತ್ತಿತ್ತು, ಒಬ್ಬರೂ ಆಯಿತಾ ಎಂದು ಕೇಳಲಿಲ್ಲ.

ತಂದು ಬಡಿಸಿದೆ. ಬೆಳ್ಯಪ್ಪಣ್ಣ ಅನ್ನಕ್ಕೆ ಪಲ್ಯ ಕಲೆಸಿ ಮೊದಲ ತುತ್ತು ಬಾಯಿಗಿಟ್ಟರು.  ನಿಧಾನಕ್ಕೆ ಅಗಿದರು, ನುಂಗಿದರು, ಹ್ಞೂ ಎಂದು ತಲೆ ಆಡಿಸಿದರು. ಸಾಲಿನ ಉದ್ದಕ್ಕೂ ಎಲ್ಲರ ಕೈ ಎಲೆಗೆ ಹೋಯಿತು. ಅವರು ಎಲೆಯಲ್ಲಿದ್ದದ್ದನ್ನೆಲ್ಲ ಉಂಡು, ಕೊನೆಗೆ ನನ್ನ ಕೈಯಲ್ಲಿದ್ದ ಪಾತ್ರೆಯ ಕಡೆ ಕಣ್ಣು ಹಾಯಿಸಿದರು.

"ಇನ್ನೊಂದು ಸೌಟು ಪಲ್ಯ ಹಾಕಿ ಜಯಕ್ಕ."

ನನ್ನ ಇಡೀ ಸರ್ವೀಸಿನಲ್ಲಿ ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಎಂದವಳಲ್ಲ ನಾನು. ಪಾತ್ರೆಗೆ ಮುಚ್ಚಳ ಹಾಕಿದೆ.

"ಇಲ್ಲ ಅಣ್ಣ. ಇವತ್ತಿಗೆ ಅಷ್ಟೇ."

ಬೆಳ್ಯಪ್ಪಣ್ಣ ಎಲೆ ಮಡಿಚಿದರು. ಆಮೇಲೆ ಪಕ್ಕದವರಿಗೆ ಹೇಳಿದರು, "ನೋಡಿ, ಇವರೂ ಮುತ್ತಮ್ಮನ ಹಾಗೇ ಆದ್ರು."

 ಪಾತ್ರೆಯನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತೆ.